ಫೋನು ಒಮ್ಮೆ ಸೇರುತ್ತದೆ, ಒಮ್ಮೆ ಸೇರುವುದಿಲ್ಲ: ಕಾರಿನ ಸ್ಟೀರಿಯೊ ಬದಲಿಸಬೇಕೆ?

ಪ್ರಶ್ನೆ: ಐದಾರು ವರ್ಷ ಓಡಿದ ಕಾರೊಂದನ್ನು ಎರಡು ತಿಂಗಳ ಹಿಂದೆ ಕೊಂಡೆ. ಎಂಜಿನ್, ಬ್ರೇಕ್ ಎಲ್ಲ ಚೆನ್ನಾಗಿವೆ. ತಲೆನೋವಾಗಿರುವುದು ಸ್ಕ್ರೀನು. ಕೇಬಲ್ ಹಾಕಿದರೆ ಫೋನು ಒಮ್ಮೆ ಸ್ಕ್ರೀನಿನ ಮೇಲೆ ಬರುತ್ತದೆ, ಇನ್ನೊಮ್ಮೆ ಬರೀ ಚಾರ್ಜ್ ಆಗುತ್ತದೆ. ಬಂದರೂ ರಸ್ತೆಯ ಉಬ್ಬಿನಲ್ಲಿ ಕುಲುಕಿದಾಗ ಕಡಿದುಹೋಗುತ್ತದೆ. ಬ್ಲೂಟೂತ್‌ನಲ್ಲಿ ಮಾತಾಡಿದರೆ ಆಚೆಯವರಿಗೆ ತಮ್ಮ ದನಿಯೇ ತಿರುಗಿ ಕೇಳಿಸುತ್ತದಂತೆ. ರೇಡಿಯೊ ಹಾಕಿದ್ದಾಗ ಮ್ಯಾಪಿನ ದನಿ ಬರುವುದೇ ಇಲ್ಲ. ಮ್ಯಾಪಿನ ಬಾಣ ಆಗಾಗ ಪಕ್ಕದ ರಸ್ತೆಗೆ ಹಾರುತ್ತದೆ. ಫೋನನ್ನು ಚಾರ್ಜಿಗಿಟ್ಟು ಆಕ್ಸ್ ವೈರಿನಲ್ಲಿ (ಫೋನಿನ ಹಾಡನ್ನು ಸ್ಟೀರಿಯೊಗೆ ಒಯ್ಯುವ ವೈರು) ಹಾಡು ಕೇಳಿದರೆ ಹಿಂದೆಯೇ ಕುಂಯ್ ಅನ್ನುವ ಸದ್ದು. ಸ್ಟೀರಿಯೊ ಪೂರ್ತಿ ಬದಲಿಸಿಬಿಡಿ ಎಂದು ರಿಪೇರಿಯವರು ಹೇಳುತ್ತಿದ್ದಾರೆ. ಬದಲಿಸಲೇ?

ಉತ್ತರ: ಈಗಲೇ ಬೇಡ. ನೀವು ಬರೆದಿರುವ ಐದೂ ತಕರಾರು ಒಂದೇ ಸ್ಕ್ರೀನಿನ ಸುತ್ತ ಇರುವುದರಿಂದ ಒಂದೇ ಕಾಯಿಲೆಯ ಲಕ್ಷಣಗಳಂತೆ ಕಾಣುತ್ತವೆ. ಆದರೆ ಅವು ಐದು ಬೇರೆ ಬೇರೆ ದೋಷಗಳು. ಅವುಗಳಲ್ಲಿ ಸ್ಟೀರಿಯೊ ತಪ್ಪಿತಸ್ಥ ಆಗಿರಬಹುದಾದದ್ದು ಹೆಚ್ಚೆಂದರೆ ಒಂದು ಅಥವಾ ಎರಡು. ಹೊಸ ಸ್ಟೀರಿಯೊ ಕೂರಿಸಿ ಅದಕ್ಕೆ ಇದೇ ಕೇಬಲ್, ಇದೇ ಚಾರ್ಜರ್, ಫೋನಿನ ಇದೇ ಸೆಟ್ಟಿಂಗ್ ಮುಂದುವರಿಸಿದರೆ ಉಳಿದ ತೊಂದರೆಗಳು ಹೊಸ ಸ್ಕ್ರೀನಿನ ಮೇಲೂ ಹಾಗೆಯೇ ಬಂದು ಕೂರುತ್ತವೆ. ಹೀಗೆ ದುಡ್ಡು ಕಳೆದುಕೊಂಡು ಬಂದವರನ್ನು ಹಲವು ಸಲ ನೋಡಿದ್ದೇನೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಫೋನು, ಕಾರು, ಇವೆರಡರ ನಡುವಿನ ದಾರಿ ಎಂದು ಇಲ್ಲಿ ಮೂರು ಪಾಲುದಾರರಿದ್ದಾರೆ. ದಾರಿ ಅಂದರೆ ಕೇಬಲ್ ಅಥವಾ ಗಾಳಿಯಲ್ಲಿ ಹೋಗುವ ಸಿಗ್ನಲ್. ದೋಷ ಯಾರ ಕಡೆಯದು ಎಂದು ತಿಳಿಯಲು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಅದೇ ಫೋನಿಗೆ ಬೇರೆ ಕೇಬಲ್ ಹಾಕಿ ನೋಡಿ. ಅದೇ ಕೇಬಲ್‌ಗೆ ಮನೆಯವರ ಫೋನ್ ಹಾಕಿ ನೋಡಿ. ಸಾಧ್ಯವಾದರೆ ನಿಮ್ಮ ಫೋನು, ಕೇಬಲ್ ಎರಡನ್ನೂ ಸ್ನೇಹಿತರ ಕಾರಿನಲ್ಲಿ ಹಾಕಿ ನೋಡಿ. ಕೇಬಲ್ ಹೊಸದು ತಂದು, ಫೋನ್ ರೀಸ್ಟಾರ್ಟ್ ಮಾಡಿ, ಸ್ಟೀರಿಯೊ ರೀಸೆಟ್ ಮಾಡಿ, ಮೂರನ್ನೂ ಒಟ್ಟಿಗೆ ಮುಗಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ವಾರದ ಮೇಲೆ ಮತ್ತೆ ಕೆಟ್ಟಾಗ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಈ ಪರೀಕ್ಷೆಗಳನ್ನೆಲ್ಲ ಕಾರು ನಿಂತಿರುವಾಗಲೇ ಮಾಡಿ. ಎಂಜಿನ್ ಚಾಲೂ ಇಡಬೇಕಾದರೆ ಮುಚ್ಚಿದ ಗ್ಯಾರೇಜಿನೊಳಗೆ ಬೇಡವೇ ಬೇಡ, ಹೊರಗೆ ಬಯಲಲ್ಲಿ ನಿಲ್ಲಿಸಿಕೊಳ್ಳಿ.

ಈಗ ಕೇಬಲ್. ನನ್ನ ಅನುಭವದಲ್ಲಿ, ಫೋನಿನ ಮ್ಯಾಪು, ಹಾಡುಗಳನ್ನು ಕಾರಿನ ಸ್ಕ್ರೀನಿಗೆ ತರುವ ಆ್ಯಂಡ್ರಾಯ್ಡ್ ಆಟೊ, ಕಾರ್‌ಪ್ಲೇ ತಕರಾರುಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತವೆ. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಡೇಟಾದ ಎರಡು ತಂತಿಗಳು ಇರುವುದೇ ಇಲ್ಲ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ನಿಮ್ಮದು ಒಮ್ಮೊಮ್ಮೆ ಕೆಲಸ ಮಾಡುತ್ತದೆ ಅಂದಮೇಲೆ ಡೇಟಾ ತಂತಿಗಳಿವೆ, ಆದರೆ ಎಲ್ಲೋ ಸೋತಿವೆ. ಚಾರ್ಜಿಂಗ್ ಎಷ್ಟೇ ತೂರಾಡಿದರೂ ಸಹಿಸಿಕೊಳ್ಳುತ್ತದೆ. ಕ್ಷಣಕಾಲ ಕರೆಂಟ್ ನಿಂತು ಬಂದರೆ ನಮ್ಮ ಕಣ್ಣಿಗೂ ಬೀಳುವುದಿಲ್ಲ. ಡೇಟಾ ಹಾಗಲ್ಲ. ಸ್ಕ್ರೀನಿನ ಚಿತ್ರ, ದನಿ, ಬೆರಳಿನ ಸ್ಪರ್ಶ ಎಲ್ಲವೂ ಆ ಎರಡು ಎಳೆಗಳ ಮೇಲೆ ಒಂದೇ ಸಮನೆ ಓಡುತ್ತಿರುತ್ತವೆ. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಅಂಥ ಓಟದಲ್ಲಿ ಒಂದು ಕುಲುಕಿಗೆ ತಂತಿ ಬಿಟ್ಟು ಹಿಡಿದರೂ ಎರಡೂ ಕಡೆಯವು ಸಂಪರ್ಕ ಮುಗಿಯಿತು ಎಂದುಕೊಂಡು ಮೊದಲಿನಿಂದ ಪರಿಚಯ ಮಾಡಿಕೊಳ್ಳಲು ಹೊರಡುತ್ತವೆ. "ಬರೀ ಚಾರ್ಜ್ ಆಗುತ್ತದೆ" ಎನ್ನುವುದರ ಅರ್ಥ ಇದು.

ಫೋನಿನ ಜೊತೆಗೇ ಬಂದ ಕೇಬಲ್ ಅಥವಾ ಒಳ್ಳೆಯ ಕಂಪನಿಯ ಡೇಟಾ ಕೇಬಲ್ ತನ್ನಿ. ಉದ್ದ ಒಂದು ಮೀಟರ್ ಮೀರದಿರಲಿ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದೆ, ಬಾಗಿ ಮುರಿಯುವ ಜಾಗಗಳೂ ಹೆಚ್ಚು. ನಡುವೆ ಹಬ್, ಎಕ್ಸ್‌ಟೆನ್ಷನ್ ಯಾವುದೂ ಬೇಡ. ಕಾರಿನಲ್ಲಿ ಎರಡು ಮೂರು ಯುಎಸ್‌ಬಿ ಪೋರ್ಟ್‌ಗಳಿದ್ದರೆ ಎಲ್ಲವೂ ಸ್ಟೀರಿಯೊಗೆ ಸೇರಿರುವುದಿಲ್ಲ. ಬ್ಯಾಟರಿ ಅಥವಾ ಮಿಂಚಿನ ಗುರುತಿರುವುದು ಸಾಮಾನ್ಯವಾಗಿ ಚಾರ್ಜಿಂಗ್‌ಗಷ್ಟೇ. ಫೋನಿನ ಗುರುತೋ ಯುಎಸ್‌ಬಿಯ ತ್ರಿಶೂಲದ ಗುರುತೋ ಇರುವುದು ಡೇಟಾಕ್ಕೆ. ಗುರುತೇ ಇಲ್ಲದಿದ್ದರೆ ಕಾರಿನ ಮ್ಯಾನ್ಯುಯಲ್ ನೋಡಿ.

ಹಾಗೆಯೇ ಫೋನಿನ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಬಿನ ಬಟ್ಟೆಯ ನಾರು ಅಲ್ಲಿ ತಳ ಸೇರಿ ಗಟ್ಟಿಯಾಗಿ ಕೂತಿರುತ್ತದೆ, ಕನೆಕ್ಟರ್ ಪೂರ್ತಿ ಒಳಗೆ ಹೋಗುವುದಿಲ್ಲ. ಕೂತಿದೆ ಅನ್ನಿಸುತ್ತದೆ, ಒಂದು ಕೂದಲೆಳೆಯಷ್ಟು ಹೊರಗೇ ಇರುತ್ತದೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಪಿನ್ನು, ಸೂಜಿ ಬೇಡ. ನನ್ನ ಬಳಿ ಬಂದ ಒಬ್ಬರು ಮೂರು ಕೇಬಲ್ ಬದಲಿಸಿದ್ದರು. ಪೋರ್ಟಿನಿಂದ ಒಂದಿಷ್ಟು ನಾರು ಹೊರಬಂದ ಮೇಲೆ ಮೂರೂ ಚೆನ್ನಾಗಿಯೇ ಕೆಲಸ ಮಾಡಿದವು.

ಹೊಸ ಕೇಬಲ್ಲಿನಲ್ಲೂ ಕುಲುಕಿದಾಗ ಕಡಿಯುತ್ತದೆಯೇ? ಹಾಗಾದರೆ ಕಾರು ನಿಲ್ಲಿಸಿಕೊಂಡು, ಮೊದಲು ಫೋನಿನ ತುದಿಯನ್ನು, ಆಮೇಲೆ ಕಾರಿನ ತುದಿಯನ್ನು ಬೆರಳಿನಿಂದ ನವಿರಾಗಿ ಅಲ್ಲಾಡಿಸಿ. ಕಾರಿನ ತುದಿಯಲ್ಲಿ ಕಡಿದರೆ ಪೋರ್ಟ್ ಸವೆದಿದೆ ಅಥವಾ ಅದರ ಹಿಂದಿನ ವೈರು ಸಡಿಲವಾಗಿದೆ. ಬಹಳಷ್ಟು ಕಾರುಗಳಲ್ಲಿ ಆ ಪೋರ್ಟ್ ಒಂದು ಪ್ರತ್ಯೇಕ ಬಿಡಿಭಾಗ. ಸ್ಟೀರಿಯೊ ಮುಟ್ಟದೆ ಅದೊಂದನ್ನೇ ಬದಲಿಸಬಹುದು. ಐದಾರು ವರ್ಷ ದಿನವೂ ಚುಚ್ಚಿ ಕಿತ್ತ ಪೋರ್ಟ್ ಸವೆಯುವುದು ಸಹಜ. ನಿಮ್ಮ ಮೊದಲ ತಕರಾರಿನ ಬೇರು ಕೇಬಲ್ ಅಥವಾ ಈ ಪೋರ್ಟ್ ಎಂದೇ ನನ್ನ ಊಹೆ.

ಫೋನಿನೊಳಗೂ ಕೆಲವು ತಡೆಗಳಿರುತ್ತವೆ. ಮೊದಲ ಸಲ ಜೋಡಿಸುವಾಗ ಫೋನಿನ ಲಾಕ್ ತೆಗೆದಿರಬೇಕು, ಅದು ಕೇಳುವ ಅನುಮತಿಗಳಿಗೆಲ್ಲ ಒಪ್ಪಿಗೆ ಕೊಡಬೇಕು. ಅವಸರದಲ್ಲಿ ಒಮ್ಮೆ 'ಬೇಡ' ಒತ್ತಿಬಿಟ್ಟರೆ ಫೋನು ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಐಫೋನಿನಲ್ಲಿ ಸಿರಿ ಎಂಬ ಮಾತಿನ ಸಹಾಯಕ ಆಫ್ ಆಗಿದ್ದರೆ ಕಾರ್‌ಪ್ಲೇ ಬರುವುದಿಲ್ಲ. ಸ್ಕ್ರೀನ್ ಟೈಮ್ ನಿರ್ಬಂಧಗಳಲ್ಲಿ ಕಾರ್‌ಪ್ಲೇ ತಡೆದಿದ್ದರೂ ಬರುವುದಿಲ್ಲ. ಆ್ಯಂಡ್ರಾಯ್ಡ್ 10ರಿಂದ ಈಚೆಗೆ ಆ್ಯಂಡ್ರಾಯ್ಡ್ ಆಟೊ ಫೋನಿನಲ್ಲೇ ಅಡಕವಾಗಿ ಬರುತ್ತದೆ, ಅದರ ಸೆಟ್ಟಿಂಗ್ಸ್ ಒಳಗೆ ಹೋಗಿ ಹಿಂದೆ ಜೋಡಿಸಿದ ಕಾರುಗಳನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಿ. ಇನ್ನು ಕೇಬಲ್ ಇಲ್ಲದೆ ಜೋಡಿಸುವ ಬಗೆಯ ಬಗ್ಗೆ ಎರಡು ಮಾತು. ಅದು ಬರೀ ಬ್ಲೂಟೂತ್ ಎಂದು ಹೆಚ್ಚಿನವರು ತಿಳಿದಿದ್ದಾರೆ. ಬ್ಲೂಟೂತ್ ಮೊದಲ ಕೈಕುಲುಕುವಿಕೆಗೆ ಅಷ್ಟೇ. ಆಮೇಲೆ ಚಿತ್ರ ಮತ್ತು ದನಿ ಹೋಗುವುದು ವೈಫೈನಲ್ಲಿ. ಆದ್ದರಿಂದ ಫೋನಿನ ವೈಫೈ ಆಫ್ ಇದ್ದರೆ, ಅಥವಾ ಇಂಟರ್ನೆಟ್ ಸಂಪರ್ಕವನ್ನು ಬೇರೆ ದಾರಿಯಲ್ಲಿ ಸಾಗಿಸುವ ವಿಪಿಎನ್ ಓಡುತ್ತಿದ್ದರೆ, ಬ್ಲೂಟೂತ್ ಸೇರಿದರೂ ಸ್ಕ್ರೀನ್ ಖಾಲಿಯೇ ಉಳಿಯಬಹುದು.

ಬ್ಲೂಟೂತ್ ವಿಚಾರಕ್ಕೆ ಬರುತ್ತೇನೆ. ಬಳಸಿದ ಕಾರು ಕೊಂಡವರು ಮೊದಲ ದಿನವೇ ಮಾಡಬೇಕಾದ, ಆದರೆ ಯಾರೂ ಮಾಡದ ಕೆಲಸ ಒಂದಿದೆ. ಸ್ಟೀರಿಯೊದ ಪೇರ್ ಆದ ಫೋನುಗಳ ಪಟ್ಟಿ ತೆರೆದು, ಹಿಂದಿನವರ ಫೋನುಗಳನ್ನೆಲ್ಲ ಅಳಿಸಿ. ಆ ಪಟ್ಟಿಯಲ್ಲಿ ಜಾಗ ಸೀಮಿತ. ತುಂಬಿದ್ದರೆ ಕೆಲವು ಸ್ಟೀರಿಯೊಗಳು ಹೊಸ ಫೋನನ್ನು ಏನೂ ಹೇಳದೆ ನಿರಾಕರಿಸುತ್ತವೆ. ಹಿಂದಿನ ಮಾಲೀಕರ ಕಾಂಟ್ಯಾಕ್ಟ್ಸ್, ಕರೆಗಳ ಪಟ್ಟಿ, ನ್ಯಾವಿಗೇಶನ್‌ನಲ್ಲಿ 'ಮನೆ' ಎಂದು ಉಳಿಸಿದ ವಿಳಾಸ ಕೂಡ ಅಲ್ಲೇ ಇರಬಹುದು. ಅವರ ಮರ್ಯಾದೆಗಾಗಿ ಅದನ್ನು ಓದದೆ ಅಳಿಸಿ. ಮುಂದೊಂದು ದಿನ ನೀವು ಈ ಕಾರು ಮಾರುವಾಗ ನಿಮ್ಮದನ್ನೂ ಮರೆಯದೆ ಅಳಿಸಿ.

ಮತ್ತೆ ಪೇರ್ ಮಾಡುವಾಗ ಎರಡೂ ಕಡೆ ಅಳಿಸಬೇಕು. ಪೇರ್ ಮಾಡುವುದು ಎಂದರೆ ಫೋನು, ಸ್ಟೀರಿಯೊ ಎರಡೂ ಒಂದೇ ಗುಟ್ಟಿನ ಕೀಲಿಯನ್ನು ತಮ್ಮ ತಮ್ಮಲ್ಲಿ ಇಟ್ಟುಕೊಳ್ಳುವುದು. ಒಂದು ಕಡೆ ಮಾತ್ರ ಅಳಿಸಿದರೆ ಇನ್ನೊಂದು ಹಳೆಯ ಕೀಲಿ ಹಿಡಿದೇ ಕೂತಿರುತ್ತದೆ, ಹೊಸದರ ಜೊತೆ ಹೊಂದುವುದಿಲ್ಲ. ಫೋನ್ ಸೇರುತ್ತಿದೆ, ಕಡಿಯುತ್ತಿದೆ, ಸೇರುತ್ತಿದೆ ಎಂಬ ಸುತ್ತಾಟಕ್ಕೆ ಬಹಳ ಸಲ ಇದೇ ಕಾರಣ. ಮನೆಯಲ್ಲಿ ಇಬ್ಬರ ಫೋನೂ ಪೇರ್ ಆಗಿದ್ದರೆ ಇಬ್ಬರೂ ಕಾರು ಹತ್ತಿದಾಗ ಯಾವುದು ಮೊದಲು ಸೇರಬೇಕೆಂಬ ಆದ್ಯತೆಯನ್ನು ಸ್ಟೀರಿಯೊದಲ್ಲಿ ಗೊತ್ತುಮಾಡಿಡಿ.

'ಬ್ಲೂಟೂತ್ ಕನೆಕ್ಟ್ ಆಗಿದೆ, ಆದರೆ ಹಾಡು ಬರುತ್ತಿಲ್ಲ' ಎಂಬ ದೂರು ನಿಮ್ಮದಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎರಡು ತಕರಾರುಗಳಿಗೆ ಇದು ಬೇಕು. ಬ್ಲೂಟೂತ್ ಎನ್ನುವುದು ಒಂದೇ ಕೊಳವೆಯಲ್ಲ. ಕರೆಗೆ ಒಂದು, ಹಾಡಿಗೆ ಇನ್ನೊಂದು, ಸ್ಟೀರಿಂಗ್ ಮೇಲಿನ ಬಟನ್‌ಗಳಿಗೆ ಮತ್ತೊಂದು, ಕಾಂಟ್ಯಾಕ್ಟ್ಸ್‌ಗೆ ಮಗದೊಂದು. ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಕಾರಿನ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಇವುಗಳಲ್ಲಿ ಕೆಲವು ಬೇರೆ ಬೇರೆ ಸ್ವಿಚ್‌ಗಳಾಗಿ ಕಾಣುತ್ತವೆ. ಹೆಸರುಗಳು ಕಾರಿನಲ್ಲಿ ಕಾಣುತ್ತಿಲ್ಲವಾದರೆ ಕಾಂಟ್ಯಾಕ್ಟ್ಸ್ ಸ್ವಿಚ್ ಆಫ್ ಆಗಿದೆ, ಅಷ್ಟೇ. ಹಾಡಿನ ಕೊಳವೆ ಅಗಲ, ಕರೆಯದು ಕಿರಿದು. ಹಳೆಯ ವಿಧಾನದಲ್ಲಿ ಕರೆಯ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಕಳಿಸುತ್ತಾರೆ. ಈಚಿನ ಫೋನು, ಸ್ಟೀರಿಯೊಗಳಲ್ಲಿ 16,000. ಹಾಡಿನಲ್ಲಿ ಸಾಮಾನ್ಯವಾಗಿ 44,100. ಆದ್ದರಿಂದ ಹಾಡು ಇದ್ದಕ್ಕಿದ್ದಂತೆ ಟೆಲಿಫೋನಿನಲ್ಲಿ ಕೇಳಿದಂತೆ ತೆಳ್ಳಗಾದರೆ ಸ್ಪೀಕರ್ ಕೆಟ್ಟಿಲ್ಲ. ಯಾವುದೋ ಆ್ಯಪ್ ಮೈಕ್ ತೆರೆದು ದನಿಯನ್ನು ಕರೆಯ ಕೊಳವೆಗೆ ಎಳೆದುಕೊಂಡಿದೆ.

ನಿಮ್ಮ ಎರಡನೆಯ ತಕರಾರು ಪ್ರತಿಧ್ವನಿ. ಇಲ್ಲಿ ಒಂದು ಸೂತ್ರವಿದೆ: ಪ್ರತಿಧ್ವನಿ ಯಾರಿಗೆ ಕೇಳುತ್ತದೋ ಅವರ ಕಡೆ ದೋಷವಿರುವುದು ಅಪರೂಪ, ಎದುರಿನವರ ಕಡೆ ಇರುತ್ತದೆ. ಅವರಿಗೆ ಕೇಳುತ್ತಿದೆ ಎಂದರೆ ಹುಟ್ಟುತ್ತಿರುವುದು ನಿಮ್ಮ ಕಾರಿನಲ್ಲಿ. ಅವರ ದನಿ ನಿಮ್ಮ ಸ್ಪೀಕರ್‌ಗಳಿಂದ ಹೊರಬಂದು, ಗಾಜಿಗೆ ಬಡಿದು, ಮೈಕಿನೊಳಗೆ ಹೊಕ್ಕು ಅವರಿಗೇ ವಾಪಸ್ ಹೋಗುತ್ತಿದೆ. ಎಲ್ಲ ಕಾರುಗಳಲ್ಲೂ ಹೀಗೆ ಆಗಲೇಬೇಕು, ಆದರೆ ಸ್ಟೀರಿಯೊದೊಳಗಿನ ಪ್ರೋಗ್ರಾಮ್ ತಾನು ಸ್ಪೀಕರಿಗೆ ಏನು ಕಳಿಸಿದೆ ಎಂದು ತಿಳಿದಿರುವುದರಿಂದ ಮೈಕಿನ ದನಿಯಿಂದ ಅಷ್ಟನ್ನು ಕಳೆದುಬಿಡುತ್ತದೆ. ಈ ಲೆಕ್ಕ ತಪ್ಪುವುದು ದನಿ ವಿಪರೀತ ಜೋರಾದಾಗ. ಆಗ ಸ್ಪೀಕರ್ ಒಡೆದ ದನಿಯಲ್ಲಿ ಕೂಗುತ್ತದೆ, ಕಳೆಯಬೇಕಾದದ್ದಕ್ಕೂ ಮೈಕಿಗೆ ಬಿದ್ದದ್ದಕ್ಕೂ ಹೊಂದಿಕೆಯಾಗುವುದಿಲ್ಲ.

ಹಾಗಾಗಿ ಕರೆಯಲ್ಲಿರುವಾಗಲೇ ವಾಲ್ಯೂಮ್ ಅರ್ಧಕ್ಕೆ ಇಳಿಸಿ. ಕರೆಯ ವಾಲ್ಯೂಮ್ ಬೇರೆ, ಹಾಡಿನದು ಬೇರೆ; ಕರೆ ನಡೆಯುತ್ತಿರುವಾಗ ತಿರುಗಿಸಿದರೆ ಮಾತ್ರ ಅದು ನೆನಪಿನಲ್ಲಿ ಉಳಿಯುತ್ತದೆ. ಆಮೇಲೆ ಮೈಕ್ ಎಲ್ಲಿದೆ ಎಂದು ಹುಡುಕಿ. ಚಾವಣಿಯ ದೀಪದ ಬಳಿ ಅಥವಾ ಸ್ಟೀರಿಂಗ್ ಹಿಂಬದಿಯಲ್ಲಿ ಸಣ್ಣ ತೂತುಗಳ ಒಂದು ಜಾಗ ಕಾಣುತ್ತದೆ. ಅದರ ಮೇಲೆ ಧೂಳು ಕಟ್ಟಿದೆಯೆ, ಏನಾದರೂ ಅಂಟಿಸಿದ್ದಾರೆಯೆ, ಎಸಿಯ ಗಾಳಿ ನೇರ ಅದರತ್ತ ಬೀಸುತ್ತಿದೆಯೆ ನೋಡಿ. ಗಾಳಿಯ ಸದ್ದು ಆ ಲೆಕ್ಕವನ್ನು ಬಲುಬೇಗ ಕೆಡಿಸುತ್ತದೆ. ಕಾರು ನಿಲ್ಲಿಸಿ, ಗಾಜು ಏರಿಸಿ, ಫ್ಯಾನ್ ಒಂದರಲ್ಲಿಟ್ಟು ಪರಿಚಿತರೊಬ್ಬರಿಗೆ ಕರೆ ಮಾಡಿ, ಒಂದೊಂದನ್ನೇ ಬದಲಿಸುತ್ತ ಅವರನ್ನು ಕೇಳಿ. ಹತ್ತು ನಿಮಿಷದ ಕೆಲಸ. ಬ್ಲೂಟೂತ್ ಆಫ್ ಮಾಡಿ ಫೋನು ಕಿವಿಗಿಟ್ಟು ಮಾತಾಡಿದರೂ ಅವರಿಗೆ ಪ್ರತಿಧ್ವನಿ ಕೇಳುತ್ತಿದ್ದರೆ ಕಾರಿಗೂ ಅದಕ್ಕೂ ಸಂಬಂಧವಿಲ್ಲ.

ಮೂರನೆಯದು, ರೇಡಿಯೊ ಹಾಕಿದಾಗ ಮ್ಯಾಪಿನ ದನಿ ಬಾರದಿರುವುದು. ಇದು ದೋಷವೇ ಅಲ್ಲ. ಬರೀ ಬ್ಲೂಟೂತ್‌ನಲ್ಲಿ ಜೋಡಿಸಿದ್ದಾಗ ಮ್ಯಾಪಿನ ದನಿ ಹಾಡಿನ ಕೊಳವೆಯಲ್ಲೇ ಬರುತ್ತದೆ. ಸ್ಟೀರಿಯೊ ರೇಡಿಯೊ ಕೇಳಿಸುತ್ತಿರುವಾಗ ಆ ಕೊಳವೆಗೆ ಕಿವಿ ಮುಚ್ಚಿರುತ್ತದೆ. ಫೋನು ಹೇಳುತ್ತಲೇ ಇದೆ, ಕೇಳುವವರಿಲ್ಲ. ಇದಕ್ಕೆ ದಾರಿಗಳಿವೆ. ಆ್ಯಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಬಳಸಿದರೆ ದಾರಿಯ ದನಿಗೆ ಪ್ರತ್ಯೇಕ ಹಾದಿ ಸಿಗುತ್ತದೆ. ರೇಡಿಯೊದ ದನಿ ತಗ್ಗಿ ಅದು ಮೇಲೆ ಬರುತ್ತದೆ. ಕೆಲವು ಮ್ಯಾಪ್ ಆ್ಯಪ್‌ಗಳಲ್ಲಿ ದನಿಯನ್ನು ಫೋನ್ ಕರೆಯ ರೂಪದಲ್ಲಿ ಕಳಿಸುವ ಆಯ್ಕೆ ಇದೆ. ಕರೆ ಬಂದರೆ ರೇಡಿಯೊ ತಾನಾಗಿ ಸುಮ್ಮನಾಗುವುದರಿಂದ ದನಿ ಕೇಳುತ್ತದೆ. ಇಲ್ಲವೇ ದನಿಯನ್ನು ಬ್ಲೂಟೂತ್‌ಗೆ ಕಳಿಸುವ ಸ್ವಿಚ್ ಆಫ್ ಮಾಡಿ ಫೋನಿನ ಸ್ಪೀಕರಿನಿಂದಲೇ ಕೇಳಿ. ನನಗೆ ಈ ಕೊನೆಯದು ಹಳೆಯ ಕಾರುಗಳಲ್ಲಿ ಬಹಳ ನೆಚ್ಚಿಕೆಯ ಉಪಾಯ.

ಸ್ಕ್ರೀನಿಗೆ ಸೇರಿದಾಗಲೂ ದನಿ ಸಣ್ಣದಾಗಿದ್ದರೆ, ಅದು 'ಮುಂದೆ ಎಡಕ್ಕೆ' ಎನ್ನುತ್ತಿರುವ ಆ ಎರಡು ಸೆಕೆಂಡಿನಲ್ಲೇ ವಾಲ್ಯೂಮ್ ಗುಂಡಿ ತಿರುಗಿಸಬೇಕು. ಅದು ಬೇರೆಯೇ ವಾಲ್ಯೂಮ್. ಓಡಿಸುವವರು ಇದನ್ನು ಮಾಡುವುದು ಬೇಡ, ಪಕ್ಕದಲ್ಲಿ ಕೂತವರಿಗೆ ಹೇಳಿ. ದನಿಯ ಮೊದಲ ಪದ ನುಂಗಿಹೋಗುತ್ತಿದ್ದರೆ, ಅಂದರೆ 'ಎಡಕ್ಕೆ ತಿರುಗಿ' ಎಂಬಲ್ಲಿ ಬರೀ 'ತಿರುಗಿ' ಕೇಳಿದರೆ, ಸುಮ್ಮನಿದ್ದ ಹಾದಿ ತೆರೆದುಕೊಳ್ಳಲು ಸ್ಟೀರಿಯೊ ತೆಗೆದುಕೊಳ್ಳುವ ಅರೆಕ್ಷಣ ಅದಕ್ಕೆ ಕಾರಣ. ಹಾಡನ್ನು ಬ್ಲೂಟೂತ್‌ನಲ್ಲೇ ಸಣ್ಣಗೆ ಹಾಕಿಟ್ಟರೆ ಹಾದಿ ತೆರೆದೇ ಇರುತ್ತದೆ, ಪದ ನುಂಗುವುದಿಲ್ಲ. ಇನ್ನು ಒಟ್ಟಾರೆ ದನಿಯೇ ಕುಗ್ಗಿದ್ದರೆ ಫೋನಿನ ವಾಲ್ಯೂಮ್ ಬಹುತೇಕ ಪೂರ್ತಿ ಏರಿಸಿ, ಹೆಚ್ಚು ಕಡಿಮೆ ಮಾಡುವುದನ್ನೆಲ್ಲ ಕಾರಿನ ಗುಂಡಿಯಲ್ಲಿ ಮಾಡಿ.

ನಾಲ್ಕನೆಯದಾದ ಮ್ಯಾಪಿನ ಬಾಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ನೆಲ ಮುಟ್ಟುವ ಹೊತ್ತಿಗೆ ಸಿಗ್ನಲ್ ಅತಿ ಕ್ಷೀಣ. ನಾವಿರುವ ಜಾಗದ ಮೂರು ಅಳತೆ ಮತ್ತು ನಿಖರವಾದ ಸಮಯ, ಈ ನಾಲ್ಕನ್ನೂ ಕಂಡುಹಿಡಿಯಲು ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು. ಬಯಲಿನಲ್ಲಿ, ಆಕಾಶ ತೆರೆದಿದ್ದಾಗ, ಫೋನಿನ ಲೆಕ್ಕ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ತಪ್ಪು ಇನ್ನೂ ಹೆಚ್ಚುತ್ತದೆ. ಅದರ ಮೇಲೆ ಮ್ಯಾಪ್ ಆ್ಯಪ್ ಬಾಣವನ್ನು ಹತ್ತಿರದ ರಸ್ತೆಯ ಮೇಲೆ ಎಳೆದು ಕೂರಿಸುತ್ತದೆ. ಹೆದ್ದಾರಿಯ ಪಕ್ಕದಲ್ಲೇ ಸರ್ವೀಸ್ ರಸ್ತೆ ಇದ್ದರೆ, ಅಥವಾ ಫ್ಲೈಓವರ್ ಮೇಲೂ ಕೆಳಗೂ ರಸ್ತೆ ಇದ್ದರೆ, ಬಾಣ ಒಮ್ಮೊಮ್ಮೆ ತಪ್ಪು ರಸ್ತೆ ಹಿಡಿಯುವುದು ಈ ವ್ಯವಸ್ಥೆಯ ಮಿತಿ; ಎತ್ತರದ ಲೆಕ್ಕ ಅಡ್ಡಗಲದ ಲೆಕ್ಕಕ್ಕಿಂತ ಯಾವಾಗಲೂ ಒರಟು. ಅಂಥ ಜಾಗದಲ್ಲಿ ರಸ್ತೆಯ ಫಲಕವನ್ನು ನಂಬಿ, ಬಾಣವನ್ನಲ್ಲ.

ಆದರೆ ಎಲ್ಲ ಕಡೆಯೂ ಹಾರುತ್ತಿದ್ದರೆ ಬೇರೆ ಮಾತು. ಆಗ ಈ ಪರೀಕ್ಷೆ ಮಾಡಿ. ಸ್ಕ್ರೀನಿಗೆ ಜೋಡಿಸಿಕೊಂಡು ಒಂದು ತೆರೆದ ರಸ್ತೆಯಲ್ಲಿ ಹೋಗಿ ಬನ್ನಿ. ಆಮೇಲೆ ಕೇಬಲ್ ಕಿತ್ತು, ಬ್ಲೂಟೂತ್ ಆಫ್ ಮಾಡಿ, ಅದೇ ರಸ್ತೆಯಲ್ಲಿ ಬರೀ ಫೋನಿನ ಮ್ಯಾಪ್ ಹಾಕಿ, ಫೋನನ್ನು ಜೊತೆಯವರ ಕೈಗೆ ಕೊಟ್ಟು ಹೋಗಿ ಬನ್ನಿ. ಈ ಪರೀಕ್ಷೆಗೆ ಕಾರಣವಿದೆ. ಸ್ಕ್ರೀನಿಗೆ ಸೇರಿದಾಗ ಫೋನು ಎಷ್ಟೋ ಕಾರುಗಳಲ್ಲಿ ತನ್ನ ಜಿಪಿಎಸ್ ಬಿಟ್ಟು ಕಾರಿನ ಆ್ಯಂಟೆನಾ ಕೊಡುವ ಸ್ಥಾನವನ್ನು ನಂಬುತ್ತದೆ. ಚೆನ್ನಾಗಿದ್ದರೆ ಕಾರಿನದು ಫೋನಿಗಿಂತ ವಾಸಿ. ಕೆಟ್ಟಿದ್ದರೆ ಒಳ್ಳೆಯ ಫೋನನ್ನೂ ದಾರಿ ತಪ್ಪಿಸುತ್ತದೆ. ಬರೀ ಫೋನಿನಲ್ಲಿ ಬಾಣ ನೆಟ್ಟಗೆ ನಡೆದು, ಜೋಡಿಸಿದಾಗ ಮಾತ್ರ ಹಾರಿದರೆ, ಕಾರಿನ ಜಿಪಿಎಸ್ ಆ್ಯಂಟೆನಾ ಅಥವಾ ಅದರ ವೈರನ್ನು ನೋಡಿಸಿ. ಹಿಂದಿನ ಮಾಲೀಕರು ಸ್ಟೀರಿಯೊವನ್ನು ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದರೆ ಆ್ಯಂಟೆನಾದ ಪುಟ್ಟ ಚೌಕವನ್ನು ಡ್ಯಾಶ್‌ಬೋರ್ಡ್ ಒಳಗೆ ಲೋಹದ ಪಟ್ಟಿಯ ಅಡಿಯಲ್ಲಿ ಎಲ್ಲೋ ತುರುಕಿರುವ ಸಾಧ್ಯತೆ ಇದೆ. ಅದಕ್ಕೆ ಆಕಾಶ ಕಾಣಬೇಕು. ಪ್ಲಾಸ್ಟಿಕ್ ಅಡ್ಡವಿದ್ದರೆ ಪರವಾಗಿಲ್ಲ, ಲೋಹ ಆಗದು.

ಎರಡೂ ಸಲ ಹಾರಿದರೆ ಫೋನಿನ ಕಡೆ ನೋಡಿ. ಮ್ಯಾಪ್ ಆ್ಯಪ್‌ಗೆ ಲೊಕೇಶನ್ ಅನುಮತಿ ಇದ್ದರೆ ಸಾಲದು, 'ನಿಖರ ಸ್ಥಳ' ಎಂಬ ಸ್ವಿಚ್ಚೂ ಆನ್ ಆಗಿರಬೇಕು. ಬ್ಯಾಟರಿ ಸೇವರ್ ಆಫ್ ಇರಲಿ. ಅದು ಸ್ಕ್ರೀನ್ ಆರಿದ ಕೂಡಲೇ ಲೊಕೇಶನ್ ತಡೆಯಬಹುದು. ಫೋನನ್ನು ಗ್ಲೋವ್‌ಬಾಕ್ಸ್‌ನಲ್ಲೋ ಸೀಟಿನ ಕೆಳಗೋ ಇಡಬೇಡಿ. ಬಿಸಿಲು ತಡೆಯಲೆಂದು ಲೋಹದ ಲೇಪ ಕೊಟ್ಟ ಗಾಜು ಅಥವಾ ಫಿಲ್ಮ್ ಕೂಡ ಸಿಗ್ನಲ್ ನುಂಗುತ್ತದೆ.

ಇನ್ನೊಂದು ಕಾರಣ ತೀರ ಕಡಿಮೆ ಜನರಿಗೆ ಗೊತ್ತು. ಅಗ್ಗದ ಡ್ಯಾಶ್‌ಕ್ಯಾಮ್, ಅಗ್ಗದ ಕಾರ್ ಚಾರ್ಜರ್ ತಮ್ಮ ಸುತ್ತ ವಿದ್ಯುತ್ ಗದ್ದಲ ಎಬ್ಬಿಸುತ್ತವೆ. ಆಕಾಶದಿಂದ ಬರುವ ಪಿಸುಮಾತು ಆ ಗದ್ದಲದಲ್ಲಿ ಕೇಳದೆ ಹೋಗುತ್ತದೆ. ಒಬ್ಬರ ಕಾರಿನಲ್ಲಿ ಬಾಣ ದಿನವೂ ದಾರಿ ಬಿಟ್ಟು ಅಲೆಯುತ್ತಿತ್ತು. ರೇಡಿಯೊದಲ್ಲೂ ಬುಸ್ ಎನ್ನುತ್ತಿತ್ತು. ಎರಡು ಸ್ಟೀರಿಯೊ ಬದಲಾಗಿದ್ದವು. ಕನ್ನಡಿಯ ಹಿಂದಿನ ಡ್ಯಾಶ್‌ಕ್ಯಾಮಿನ ಪ್ಲಗ್ ಕಿತ್ತ ಕ್ಷಣವೇ ಎರಡೂ ಸರಿಯಾದವು. ನೀವೂ ಒಂದು ದಿನ ಹೊರಗಿನಿಂದ ಹಾಕಿಸಿದ ಎಲ್ಲ ಪ್ಲಗ್‌ಗಳನ್ನು ಕಿತ್ತು ಓಡಿಸಿ ನೋಡಿ.

ನೆಲಮಾಳಿಗೆಯ ಪಾರ್ಕಿಂಗ್‌ನಿಂದ ಹೊರಬಂದ ಮೊದಲ ನಿಮಿಷದ ತಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪ್ರತಿ ಉಪಗ್ರಹವೂ ತಾನು ಎಲ್ಲಿದ್ದೇನೆ ಎಂಬ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಹೇಳುತ್ತದೆ. ಒಂದು ಸುತ್ತು ಮುಗಿಯಲು 30 ಸೆಕೆಂಡ್ ಬೇಕು. ಇಂಟರ್ನೆಟ್ ಇರುವ ಫೋನು ಆ ವಿವರವನ್ನು ನೆಟ್‌ವರ್ಕ್‌ನಿಂದಲೇ ಪಡೆಯುವುದರಿಂದ ಬೇಗ ಎಚ್ಚರಗೊಳ್ಳುತ್ತದೆ, ಕಾರಿನಲ್ಲೇ ಅಡಕವಾಗಿರುವ ನ್ಯಾವಿಗೇಶನ್ ನಿಧಾನ. ಸುರಂಗದಲ್ಲಿ ಮಾತ್ರ ಕಾರಿನದ್ದು ಗೆಲ್ಲುತ್ತದೆ: ಚಕ್ರದ ವೇಗ ಮತ್ತು ತಿರುವನ್ನು ಅಳೆದು, ಉಪಗ್ರಹ ಕಾಣದಿದ್ದರೂ ಬಾಣವನ್ನು ಮುಂದೆ ನಡೆಸುತ್ತದೆ.

ದಾರಿಯೇ ವಿಚಿತ್ರವಾಗಿ ತೋರಿಸುತ್ತಿದ್ದರೆ ಆ್ಯಪ್‌ನಲ್ಲಿ ಬೈಕ್ ಗುರುತು ಆಯ್ಕೆಯಾಗಿದೆಯೆ, 'ಟೋಲ್ ತಪ್ಪಿಸು', 'ಹೆದ್ದಾರಿ ತಪ್ಪಿಸು' ಎಂಬವು ಆನ್ ಇವೆಯೆ ನೋಡಿ. ನೆಟ್‌ವರ್ಕ್ ಸಿಗದ ಕಡೆ ಹೋಗುವಾಗ ಆ ಪ್ರದೇಶದ ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ. ದಾರಿ ಸಿಗುತ್ತದೆ, ಟ್ರಾಫಿಕ್ ವಿವರ ಸಿಗುವುದಿಲ್ಲ. ಕಾರಿನದೇ ಮ್ಯಾಪ್ ಬಳಸುವುದಾದರೆ ಅದು ಕಾರಿನಷ್ಟೇ ಹಳೆಯದು ಎಂದು ನೆನಪಿಡಿ. ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡುವಾಗ ಡ್ರೈವ್ ಯಾವ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬೇಕೆಂದು ಕಂಪನಿ ಹೇಳಿರುತ್ತದೆ. ಫ್ಯಾಟ್32 ಎಂಬ ಬಗೆಯಲ್ಲಿ ಒಂದೇ ಫೈಲ್ 4 ಜಿಬಿ ಮುಟ್ಟಿದರೆ ಅದು ಹಿಡಿಸುವುದಿಲ್ಲ. ಅಪ್‌ಡೇಟ್ ನಡೆಯುತ್ತಿರುವಾಗ ಯಾವ ಕಾರಣಕ್ಕೂ ಕಾರು ಆಫ್ ಮಾಡಬೇಡಿ. ನಡುವೆ ನಿಂತ ಅಪ್‌ಡೇಟ್ ನಿಜಕ್ಕೂ ಸ್ಟೀರಿಯೊ ಕೆಡಿಸಬಲ್ಲದು.

ಬಿಸಿಲಿನ ಬಗ್ಗೆಯೂ ಹೇಳಬೇಕು. ಮ್ಯಾಪ್ ಓಡುತ್ತ, ಚಾರ್ಜ್ ಆಗುತ್ತ, ಮುಂಗಾಜಿನ ಹಿಂದೆ ಬಿಸಿಲು ಕಾಯುತ್ತ ಇರುವ ಫೋನು ಬೇಗ ಸುಡುತ್ತದೆ. ಐಫೋನ್‌ಗೆ ಆ್ಯಪಲ್ ಹೇಳಿರುವ ಸುತ್ತಲಿನ ಉಷ್ಣಾಂಶದ ಮೇಲ್ಮಿತಿ 35 ಡಿಗ್ರಿ ಸೆಲ್ಸಿಯಸ್. ಬಿಸಿಲಲ್ಲಿ ನಿಂತ ಕಾರು ಅದನ್ನು ಸಲೀಸಾಗಿ ದಾಟುತ್ತದೆ. ಆಗ ಸ್ಕ್ರೀನ್ ಮಂಕಾಗುವುದು, ಚಾರ್ಜಿಂಗ್ ನಿಲ್ಲುವುದು ಫೋನು ತನ್ನನ್ನು ಕಾಪಾಡಿಕೊಳ್ಳುವ ಬಗೆ. ಎಸಿಯ ಗಾಳಿ ಬರುವ ಕಡೆ ಸ್ಟ್ಯಾಂಡ್ ಹಾಕಿ.

ಕೊನೆಯದು ಆ ಕುಂಯ್ ಸದ್ದು. ಎಂಜಿನ್ ರೇಸ್ ಮಾಡಿದಂತೆ ಸದ್ದಿನ ಸ್ವರ ಏರುತ್ತದೆಯೆ ಎಂದು ಗಮನಿಸಿ. ಏರಿದರೆ ಅದು ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್‌ನ ಸದ್ದು. ಆಲ್ಟರ್ನೇಟರ್ ಹುಟ್ಟಿಸುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಡಯೋಡ್‌ಗಳು ಅದನ್ನು ಒಂದೇ ದಿಕ್ಕಿನ ಡಿಸಿ ಮಾಡುತ್ತವೆ, ಆದರೆ ಸಣ್ಣ ಅಲೆ ಉಳಿದುಬಿಡುತ್ತದೆ. ನಿಮ್ಮ ಫೋನು ಚಾರ್ಜರ್ ಮೂಲಕ ಒಂದು ಕಡೆ, ಆಕ್ಸ್ ವೈರಿನ ಮೂಲಕ ಇನ್ನೊಂದು ಕಡೆ, ಹೀಗೆ ಎರಡು ಜಾಗದಲ್ಲಿ ಕಾರಿನ ಅರ್ಥಿಂಗ್‌ಗೆ ಸೇರಿದೆ. ಅವೆರಡರ ವೋಲ್ಟೇಜ್ ಕೂದಲೆಳೆಯಷ್ಟು ಬೇರೆ. ಆ ಅಂತರದಿಂದ ಆಕ್ಸ್ ವೈರಿನಲ್ಲಿ ಕರೆಂಟ್ ಹರಿದು ಆ ಅಲೆ ಹಾಡಿನ ಜೊತೆ ಬೆರೆಯುತ್ತದೆ. ಚಾರ್ಜರ್ ಕಿತ್ತ ಕೂಡಲೇ ಸದ್ದು ನಿಂತರೆ ಸಂಶಯವೇ ಇಲ್ಲ, ಇದೇ. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿಯನ್ನು ಆಕ್ಸ್ ವೈರಿನ ನಡುವೆ ಹಾಕಿದರೆ ಸದ್ದು ಹೋಗುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರ್ ದನಿಯನ್ನು ದಾಟಿಸಿ, ನೇರ ಸಂಪರ್ಕ ತಪ್ಪಿಸುತ್ತದೆ. ಅಥವಾ ಆಕ್ಸ್ ಬಿಟ್ಟು ಬ್ಲೂಟೂತ್‌ನಲ್ಲೋ ಯುಎಸ್‌ಬಿಯಲ್ಲೋ ಹಾಡು ಕೇಳಿ. ಅರ್ಥ್ ವೈರು ಕತ್ತರಿಸಿ ಸದ್ದು ನಿಲ್ಲಿಸುತ್ತೇನೆ ಎನ್ನುವವರ ಕೈಗೆ ಕಾರು ಕೊಡಬೇಡಿ. ಫೋನೇ ಇಲ್ಲದಾಗಲೂ ಸದ್ದಿದ್ದರೆ ಮಾತ್ರ ಸ್ಟೀರಿಯೊದ ಅರ್ಥಿಂಗ್, ಆಲ್ಟರ್ನೇಟರ್‌ನ ಡಯೋಡ್ ಎರಡನ್ನೂ ಪರೀಕ್ಷೆ ಮಾಡಿಸಿ.

ಇಷ್ಟಾದ ಮೇಲೂ ಸ್ಟೀರಿಯೊ ಮೇಲೆ ಅನುಮಾನ ಉಳಿದರೆ ಅದರ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಹೆಚ್ಚಿನವು ರೀಸ್ಟಾರ್ಟ್ ಆಗುತ್ತವೆ. ಬರೀ ಇಗ್ನಿಷನ್ ಆಫ್ ಮಾಡಿ ಆನ್ ಮಾಡುವುದರಿಂದ ಸಾಮಾನ್ಯವಾಗಿ ಅದು ಪೂರ್ತಿ ಆಫ್ ಆಗುವುದಿಲ್ಲ, ನಿದ್ದೆಗೆ ಹೋಗಿ ಎದ್ದುಬರುತ್ತದೆ ಅಷ್ಟೇ. ಬ್ಯಾಟರಿಯ ವೈರು ಬಿಚ್ಚುವ ಮುನ್ನ ರೇಡಿಯೊ ಕೋಡ್ ನಿಮ್ಮ ಬಳಿ ಇದೆಯೆ ನೋಡಿಕೊಳ್ಳಿ. ಕೆಲವು ಸ್ಟೀರಿಯೊಗಳು ಕರೆಂಟ್ ಕಡಿದ ಮೇಲೆ ಆ ಕೋಡ್ ಇಲ್ಲದೆ ಬಾಯಿ ತೆರೆಯುವುದಿಲ್ಲ. ಬಳಸಿದ ಕಾರು ಕೊಂಡವರ ಬಳಿ ಅದು ಇಲ್ಲದಿರುವುದೇ ಹೆಚ್ಚು. ಕಾರು ಸ್ಟಾರ್ಟ್ ಮಾಡುವಾಗ ಸ್ಕ್ರೀನ್ ಆರಿ ಮತ್ತೆ ಕಂಪನಿಯ ಲೋಗೊದಿಂದ ಶುರುವಾದರೆ ಬ್ಯಾಟರಿಯನ್ನು ಅಳೆಸಿ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು, 12.2 ಅಂದರೆ ಅರ್ಧ ಖಾಲಿ.

ಸ್ಟೀರಿಯೊ ಬದಲಿಸಬೇಕಾದ ಸಂದರ್ಭ ಇಲ್ಲವೆಂದಲ್ಲ. ಸ್ಕ್ರೀನಿನ ಒಂದು ಭಾಗ ಬೆರಳಿಗೆ ಓಗೊಡದಿದ್ದರೆ, ಒಳ್ಳೆಯ ಬ್ಯಾಟರಿ ಇದ್ದೂ ಓಡುವಾಗ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ, ಹೊಸ ಪೋರ್ಟ್, ಹೊಸ ಕೇಬಲ್ ಹಾಕಿದರೂ ಯಾವ ಫೋನೂ ಸೇರದಿದ್ದರೆ, ಆಗ ಬದಲಿಸಿ. ಅಂಥ ದಿನ ಬಂದರೆ ಮೂಲ ವೈರುಗಳನ್ನು ಕತ್ತರಿಸದೆ ನಿಮ್ಮ ಕಾರಿನ ಮಾದರಿಗೆ ಹೊಂದುವ ಕಪ್ಲರ್ (ವೈರುಗಳನ್ನು ಜೋಡಿಸುವ ಸಾಕೆಟ್) ಹಾಕಿಸಿ, ಸ್ಟೀರಿಂಗ್ ಬಟನ್, ಹಿಂಬದಿ ಕ್ಯಾಮೆರಾ, ಮೈಕ್ ಮೂರೂ ಕೆಲಸ ಮಾಡುತ್ತವೆಂದು ಅಂಗಡಿಯಲ್ಲೇ ತೋರಿಸಿಕೊಂಡು ಬನ್ನಿ.

ಸದ್ಯಕ್ಕೆ ಒಂದು ಮೀಟರಿನ ಒಳ್ಳೆಯ ಡೇಟಾ ಕೇಬಲ್ ತಂದು, ಪೋರ್ಟ್ ಚೊಕ್ಕ ಮಾಡಿ, ಒಂದು ವಾರ ಓಡಿಸಿ. ಯಾವಾಗ ಕಡಿಯಿತು, ಆಗ ಯಾವ ಫೋನು, ಯಾವ ಕೇಬಲ್ ಇತ್ತು, ಕಾರು ಕುಲುಕಿತ್ತೇ ಎಂಬುದನ್ನು ಕಾರು ನಿಲ್ಲಿಸಿದ ಮೇಲೆ ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೂ ಕಡಿಯುತ್ತಿದ್ದರೆ ಆ ಚೀಟಿಯನ್ನು ರಿಪೇರಿಯವರಿಗೆ ಕೊಟ್ಟು, ಮೊದಲು ಯುಎಸ್‌ಬಿ ಪೋರ್ಟ್ ಬಿಚ್ಚಿ ನೋಡಿ ಎಂದು ಹೇಳಿ.